ತಂಬಿಗೆ ಹೊತ್ತ ದಾರ

ಪ್ರೀತಿಯ ಕಾಕಾ,

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮ ಕೇಳಬೇಕೋ ಬೇಡವೋ ತಿಳಿಯಲಿಲ್ಲ. ಕೇಳದೆ ಬಿಟ್ಟರೆ ಪತ್ರ ಬರೆಯುವ ರೀತಿಯೇ ಗೊತ್ತಿಲ್ಲ ಎಂದು ನೀನೇ ನಗುತ್ತಿದ್ದೆ.

ನಿನ್ನ ವರ್ಷಾಂತದ ಶ್ರಾದ್ಧ ಮುಗಿದ ಮಾರನೆಯ ಬೆಳಿಗ್ಗೆ ಕಾಕು ಅಂಗಳದ ಮೂಲೆಯಿಂದ ಗಾಳ, ದಾರ ತುಂಬಿದ ನಿನ್ನ ತಗಡಿನ ಡಬ್ಬಿಯನ್ನೂ ಗಾಳದ ಕೋಲನ್ನೂ ತಂದು ಕಟ್ಟೆಯ ಮೇಲಿಟ್ಟಳು. ನಿನ್ನ ಗೆಳೆಯ ಸಾಯಬಣ್ಣನಿಗೆ ಕೊಟ್ಟುಬಿಡುವುದಾಗಿ ಹೇಳಿದಳು. ನಾನು ಬೇಡ ಅಂದೆ. ಅವಳು ಸೆರಗಿನಿಂದ ಡಬ್ಬಿಯ ಧೂಳು ಒರೆಸುತ್ತ, ನನ್ನನ್ನು ನೋಡದೆಯೇ ಕೇಳಿದಳು: "ಪ್ರತಿ ರವಿವಾರ ಕಮಲಾಪುರಕ್ಕ ಓಡತಿದ್ರು. ಹಿಡದ ಮೀನ ಮತ್ತ ನೀರಿಗೇ ಬಿಡತಿದ್ರು. ಹಂಗಾರ ಮೀನಿಗೆ ಹೋಗತಿದ್ರೋ, ನನ್ನ ಮಾರಿ ತಪ್ಪಿಸ್ಲಿಕ್ಕೆ ಹೋಗತಿದ್ರೋ?"

ಉತ್ತರ ಕೊಡಬೇಕಾದವನು ನೀನು. ಒಮ್ಮೆ ನನ್ನ ಜೊತೆ ಕೆರೆಗೆ ಬಂದು ನೋಡು, ಆಮೇಲೆ ಬೇಕಾದರೆ ಕೊಟ್ಟುಬಿಡು ಅಂದೆ.

ನೆನಪಿದೆಯಾ, ನಾನು ಕಾಲೇಜಿನಲ್ಲಿದ್ದಾಗ ನೀನು ರದ್ದಿ ಅಂಗಡಿಯಿಂದ ಅಮೆರಿಕದ ಹಳೆಯ ಮಾಸಿಕವೊಂದನ್ನು ತಂದಿದ್ದೆ. ಬಾಸ್ ಎಂಬ ಮೀನನ್ನು ಮರದ ಕಪ್ಪೆ, ಲೋಹದ ಚಮಚ, ಬಣ್ಣದ ಮರದ ಮೀನು ತೋರಿಸಿ ಹಿಡಿಯುವ ಬಗೆ ಅದರಲ್ಲಿತ್ತು. ನಿನಗೆ ಅದು ದೇವರೇ ಕಳಿಸಿದ ಹಾಗಾಯಿತು. ಉಳ್ಳಾಗಡ್ಡಿಯನ್ನೂ ಒಳಗೆ ಬಿಡದ ಮನೆಯವನು ನೀನು, ಜೀವಂತ ಎರೆಹುಳವನ್ನು ಗಾಳಕ್ಕೆ ಚುಚ್ಚಲು ಕೈ ಬರುತ್ತಿರಲಿಲ್ಲ. ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಬಾಸ್ ನಮ್ಮ ಕಡೆ ಇಲ್ಲವಲ್ಲ ಎಂದಾಗ ನೀನು ತಲೆ ಕೆಡಿಸಿಕೊಳ್ಳಲಿಲ್ಲ. "ನಮ್ಮ ಮುರಲ್ ಮೀನ ಏನ್ ಕಡಿಮಿ ಸಿಟ್ಟಿಂದ ಅದನೇನವಾ? ಖೊಟ್ಟಿ ಕಪ್ಪಿ ಕಂಡ್ರೂ ಹಾರತದ, ಮುಂದ ಓದು."

ಆ ಮಾಸಿಕದಲ್ಲಿ ಯಾವ ಗಾಳಕ್ಕೆ ಎಷ್ಟು ಪೌಂಡು ತೂಕ ತಾಳುವ ದಾರ ಎಂದು ಬರೆದಿತ್ತು. ನಮ್ಮ ಬಜಾರಿನಲ್ಲಿ ಸಿಗುತ್ತಿದ್ದ ನೈಲಾನ್ ದಾರದ ಸುರುಳಿಗೆ ಒಂದು ಚೀಟಿಯೂ ಇರುತ್ತಿರಲಿಲ್ಲ. ನೀನು ಅಂಗಳದ ಬೇವಿನ ಕೊಂಬೆಗೆ ದಾರ ಕಟ್ಟಿ, ಕೆಳಗೆ ಕಾಕುವಿನ ತಾಮ್ರದ ತಂಬಿಗೆ ತೂಗಿಬಿಟ್ಟು, ಲೋಟದಿಂದ ನೀರು ಸುರಿಯುತ್ತ ನಿಂತೆ. ತೆಳ್ಳನೆಯದು ತುಂಬಿದ ತಂಬಿಗೆ ಹೊರಬೇಕು, ದಪ್ಪನೆಯದು ತುಂಬಿದ ಬಕೀಟು. ಮೊದಲ ದಿನವೇ ತಂಬಿಗೆ ಹಾಸುಗಲ್ಲಿಗೆ ಬಿದ್ದು ಒಂದು ಕಡೆ ಸೊಟ್ಟಾಯಿತು. ನಾಳೆ ಸಂಧ್ಯಾವಂದನೆಗೆ ನೀರನ್ನು ಯಾವುದರಲ್ಲಿ ತೆಗೆದುಕೊಳ್ಳುತ್ತೀರೆಂದು ಕಾಕು ಅಡಿಗೆಮನೆಯ ಕಿಟಕಿಯಿಂದ ಕೇಳಿದಳು. ನೀನು ಸೊಟ್ಟ ತಂಬಿಗೆಯನ್ನು ಎತ್ತಿ ತೋರಿಸಿದೆ. ಅಂದಿನಿಂದ ಗಾಳದ ಸಾಮಾನು ಹೊಸಲು ದಾಟಬಾರದು, ನೀನು ಅಂಗಳದಲ್ಲೇ ಸ್ನಾನ ಮಾಡಿ ಒಳಗೆ ಬರಬೇಕು ಎಂಬ ಕಾನೂನು ಬಂತು.

ಕಮಲಾಪುರದ ಕೆರೆಯ ದಂಡೆಯಲ್ಲಿ ನೀನು ದಾರ ಆರಿಸಲು ಹೇಳಿದಾಗಲೆಲ್ಲ ನನ್ನ ಕೈ ದಪ್ಪನೆಯದಕ್ಕೇ ಹೋಗುತ್ತಿತ್ತು. ಹರಿಯಬಾರದು, ಅಷ್ಟೇ ನನ್ನ ಯೋಚನೆ. ನೀನು ಬೈಯದೆ, ಅದನ್ನೇ ಚಮಚಕ್ಕೆ ಕಟ್ಟಿ ಎಸೆಯಲು ಬಿಡುತ್ತಿದ್ದೆ. ಚಮಚ ಹತ್ತಿರದಲ್ಲೇ ಬಿದ್ದು, ಹೊಳೆಯದೆ ತಿರುಗದೆ ಸತ್ತ ಎಲೆಯಂತೆ ಎಳೆಸಿಕೊಂಡು ಬರುತ್ತಿತ್ತು. ಮರದ ಕಪ್ಪೆಯನ್ನು ಕಮಲದ ಎಲೆಗಳ ನಡುವೆ ಆಡಿಸುವಾಗ ದಪ್ಪನೆಯ ಹೆಣೆದ ದಾರ ಸರಿ, ಅದು ಹಿಗ್ಗುವುದಿಲ್ಲ, ಮೀನು ಬಳ್ಳಿಯೊಳಗೆ ನುಗ್ಗಿದರೆ ಎಳೆದು ತರುತ್ತದೆ. ಮರದ ಮೀನು ಆಳಕ್ಕೆ ಮುಳುಗಬೇಕಾದರೆ ತೆಳ್ಳನೆಯ ನೈಲಾನ್ ಬೇಕು, ದಪ್ಪನೆಯದು ಅದನ್ನು ಮೇಲೆಯೇ ಹಿಡಿದಿಡುತ್ತದೆ. ಚಮಚಕ್ಕಂತೂ ಇನ್ನೂ ತೆಳ್ಳನೆಯದು. ಮೀನಿಗೆ ಹೆದರಿ ದಾರ ಆರಿಸಬೇಡ, ಗಾಳದ ತುದಿಯಲ್ಲಿರುವುದು ಹೇಗೆ ಈಜಬೇಕು ಅದನ್ನು ನೋಡಿ ಆರಿಸು ಎನ್ನುತ್ತಿದ್ದೆ ನೀನು. ನನಗೆ ಅರ್ಥವಾಗಿತ್ತು. ಆದರೂ ಓದು, ನೌಕರಿ, ಗೆಳೆತನ, ಎಲ್ಲದರಲ್ಲೂ ನಾನು ಮತ್ತೆ ಮತ್ತೆ ದಪ್ಪ ದಾರವನ್ನೇ… ಇರಲಿ ಬಿಡು.

ಮೊನ್ನೆ ರವಿವಾರ ಕಾಕು ಬರಲು ಒಪ್ಪಿದ ಬೆಳಿಗ್ಗೆಯೂ ನಾನು ಅದನ್ನೇ ಮಾಡಿದೆ. ಇವಳು ಒಂದು ಮೀನನ್ನಾದರೂ ನೋಡಲೇಬೇಕು, ತಪ್ಪಿಸಿಕೊಂಡರೆ ನಿನ್ನ ಡಬ್ಬಿ ಹೋದಂತೆಯೇ ಎಂದು ದಪ್ಪ ದಾರವನ್ನು ರೀಲಿಗೆ ಸುತ್ತುತ್ತಿದ್ದೆ. ಕಾಕು ಒಳಗಿನಿಂದ ಸೊಟ್ಟ ತಂಬಿಗೆ ಹಿಡಿದು ಬಂದಳು. "ಮದ್ಲ ಇದನ್ನ ಕಟ್ಟು. ಡಬ್ಬ್ಯಾಗ ಎಷ್ಟ ಬ್ಯಾಸಗಿ ಕಂಡದೋ ಏನೋ." ತಂಬಿಗೆ ಅರ್ಧವೂ ತುಂಬಿರಲಿಲ್ಲ, ದಪ್ಪ ದಾರ ಹರಿದುಬಿತ್ತು. ನೀನು ಕೊನೆಗೆ ತಂದಿದ್ದ ತೆಳ್ಳನೆಯದು ತುಂಬಿದ ತಂಬಿಗೆ ಹೊತ್ತು ಸುಮ್ಮನೆ ತೂಗಿತು. ಇಷ್ಟು ವರ್ಷ ಆ ಕಿಟಕಿಯಲ್ಲಿ ನಿಂತು ಅವಳು ನೋಡುತ್ತಿದ್ದದ್ದು ತಂಬಿಗೆಯನ್ನು ಮಾತ್ರವಲ್ಲ ಎಂದು ನಿನಗೆ ಗೊತ್ತಿತ್ತೇ?

ಕೆರೆಯ ಒಡ್ಡಿನ ಮೇಲೆ ನೀನು ಕೂರುತ್ತಿದ್ದ ಕಲ್ಲಿನ ಮೇಲೆಯೇ ಅವಳನ್ನು ಕೂರಿಸಿದೆ. ಚಮಚ ದೂರ ಎಸೆದು, ನೀನು ನನಗೆ ಮಾಡುತ್ತಿದ್ದಂತೆ ದಾರವನ್ನು ಅವಳ ತೋರುಬೆರಳಿನ ಮೇಲೆ ಹಾಯಿಸಿ, ಮೆಲ್ಲಗೆ ರೀಲು ತಿರುಗಿಸಿದೆ. ಬಹಳ ಹೊತ್ತು ಮೀನು ಬರಲಿಲ್ಲ.

"ಇದೇನ ನಡುಗ್ಲಿಕ್ಕತ್ತದ?" ಅಂದಳು ಕಾಕು.

"ನಮ್ಮ ಚಮಚ ಈಜ್ಲಿಕ್ಕತ್ತದ, ಕಾಕು."

ಅವಳು ಬೆರಳನ್ನೇ ನೋಡುತ್ತ ಕುಳಿತಳು. ಮತ್ತೆ ಎಸೆ ಅಂದಳು. ಮತ್ತೆ ಅಂದಳು. ಆಮೇಲೆ ನೀರಿನ ಕಡೆ ತಿರುಗಿ, "ಮನ್ಯಾಗ ಹತ್ತ ಸಲ ಕೂಗಿದ್ರೂ ಕೇಳತಿದ್ದಿಲ್ಲ. ಇಲ್ಲಿ ಕೂತು ಇಷ್ಟ ಸಣ್ಣದನ್ನ ಕೇಳತಿದ್ರು. ನನ್ನೂ ಒಂದಿನ ಕರೀಬೇಕಿತ್ತು" ಅಂದಳು.

ಕರೆದಿದ್ದರೆ ಬರುತ್ತಿದ್ದೆಯಾ ಎಂದು ಕೇಳಿದೆ.

"ಬರತಿದ್ದಿಲ್ಲ. ಆದ್ರ ಕರೀಬೇಕಿತ್ತು."

ಈ ಕಲ್ಲಿನ ಮೇಲೆಯೇ ನೀನು ಒಮ್ಮೆ, ನಿಮ್ಮ ಕಾಕುಗೆ ಇದನ್ನು ತೋರಿಸಬೇಕು, ಆದರೆ ಅವಳು ಒಲ್ಲೆ ಅಂದರೆ… ಎಂದು ಅರ್ಧಕ್ಕೇ ಮಾತು ನಿಲ್ಲಿಸಿದ್ದೆ. ಅದನ್ನು ಅವಳಿಗೆ ಹೇಳಿದೆ. ನೀನೂ ಆ ಒಂದು ವಿಷಯದಲ್ಲಿ ನನ್ನ ಹಾಗೆ ದಪ್ಪ ದಾರದವನೇ ಅಲ್ಲವೇ, ಕಾಕಾ? ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ದಾರ ಜಗ್ಗಿತು. ಗೇಣುದ್ದದ ಮುರಲ್. ಗಾಳ ಬಿಡಿಸಿ ಅವಳ ಒದ್ದೆ ಕೈಗಿಟ್ಟೆ. ಕಣ್ಣಿಲ್ಲೇನು, ಚಮಚ ತಿನ್ನಲಿಕ್ಕೆ ಬರುತ್ತೀಯಲ್ಲ ಎಂದು ಅದನ್ನು ಗದರಿಸಿ ನೀರಿಗೆ ಬಿಟ್ಟಳು.

ಸಾಯಬಣ್ಣನಿಗೆ ನಾನೇ ಸಮಾಧಾನ ಹೇಳುತ್ತೇನೆ. ನಿನ್ನ ಡಬ್ಬಿ ಈಗ ಹೊಸಲಿನ ಒಳಗೆ, ಅಡಿಗೆಮನೆಯ ಕಿಟಕಿಯ ಪಕ್ಕದ ಗೂಡಿನಲ್ಲಿದೆ. ಕಾಕುವೇ ಇಟ್ಟದ್ದು. ನನ್ನನ್ನು ಮಾತ್ರ ಒಳಗೆ ಬಿಡಲಿಲ್ಲ. ಈ ವಯಸ್ಸಿನಲ್ಲಿ ಅಂಗಳದ ಬೇವಿನ ಕೆಳಗೆ ಸೀರೆಯ ಸಮೇತ ನಿಲ್ಲಿಸಿ, ಆ ಸೊಟ್ಟ ತಂಬಿಗೆಯಿಂದ ತಲೆಯ ಮೇಲೆ ನೀರು ಸುರಿದಳು. ಆಮೇಲೆ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, ನನ್ನೆದುರು ತಾನೂ ತಲೆ ಬಗ್ಗಿಸಿ ನಿಂತಳು.

ನಿನ್ನ,
ದಪ್ಪ ದಾರದ ಹುಡುಗಿ