ಎಂಟು ಗಂಟೆಯ ಮಿಸ್ಡ್ ಕಾಲ್

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8.25

ಬಂತು. ಸ್ಪಷ್ಟವಾಗಿ ಬಂತು. ಕೊನೆಯ ಸಾಲು: “ವಗ್ಗಾಣಿ ಮಿರ್ಚಿ ತಿಂದೆ. ಡಾಕ್ಟರಿಗೆ ಹೇಳಬ್ಯಾಡ.” ಆಮೇಲೆ ನಕ್ಕರು. ಮಿಸ್ಡ್ ಕಾಲ್ ಕೊಟ್ಟೆ.

ಇಷ್ಟೇ ನಮ್ಮ ವ್ಯವಹಾರ. ದಿನಾ ಎಂಟಕ್ಕೆ ತೋಟಪ್ಪ ಸರ್ ಸಂಡೂರಿನ ಮನೆಯಲ್ಲಿ ಕೂತು ರೇಡಿಯೋದಲ್ಲಿ ಚುಕ್ಕಿ-ಗೀಟಿನ ಮೋರ್ಸ್ ಕುಟ್ಟುತ್ತಾರೆ. ಮೊದಲು ಯಾರಾದರೂ ಕೇಳುತ್ತಿದ್ದೀರಾ ಅಂತ ಊರಿಗೆಲ್ಲ ಕೂಗು, ಕೊನೆಗೆ ನನಗೆ ಅಂತ ಒಂದು ಸಾಲು. ಅಕ್ಷರ ಇಂಗ್ಲಿಷಿನದು, ಮಾತು ಕನ್ನಡದ್ದು. ಇಲ್ಲಿ ಹೊಸಪೇಟೆಯ ಮಾಳಿಗೆಯಲ್ಲಿ ಕೂತು ನಾನು ಕೇಳುತ್ತೇನೆ. ವಾಪಸ್ ಕುಟ್ಟಲು ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ ಬರೆಯಬೇಕು. ಬರೆಯುತ್ತೇನೆ ಬರೆಯುತ್ತೇನೆ ಅಂತಲೇ ಎರಡು ವರ್ಷ ಕಳೆದೆ. ಅದಕ್ಕೇ ಈ ಕರಾರು — ಕೇಳಿಸಿದರೆ ಒಂದು ಮಿಸ್ಡ್ ಕಾಲ್, ಇಲ್ಲದಿದ್ದರೆ ಇಲ್ಲ.

ಮೈನ್ಸಿನ ವೈರ್‌ಲೆಸ್ ರೂಮಿನಲ್ಲಿ ಸರ್ವೀಸ್ ಮುಗಿಸಿದ ಮನುಷ್ಯ. ನನಗೆ ಈ ಹುಚ್ಚು ಹಿಡಿಸಿದವರೂ ಅವರೇ. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಹೆಂಡತಿ ಗಾಳೆಮ್ಮಕ್ಕನ ಜೊತೆ ಸ್ಲೇಟಿನಲ್ಲಿ ಮಾತು, ಉಳಿದವರ ಜೊತೆ ತಲೆ ಆಡಿಸುವುದು. ಮೋರ್ಸ್ ಕುಟ್ಟುವ ಕೀ ಮೇಲೆ ಕೈ ಇಟ್ಟಾಗ ಮಾತ್ರ ಹಳೇ ತೋಟಪ್ಪ ಸರ್. ಮೋರ್ಸಿನಲ್ಲಿ ನಗು ಅಂದರೆ ಎಚ್, ಐ. ನಾಲ್ಕು ಚುಕ್ಕಿ, ಎರಡು ಚುಕ್ಕಿ. ಟಿಟಿಟಿಟಿ… ಟಿಟಿ. ಅವರ ನಗು ಈಗ ಅಷ್ಟೇ ಉಳಿದಿರುವುದು. ನನಗೆ ಅದು ಕೇಳಿಸದಿದ್ದರೆ ದಿನ ಸರಿ ಹೋಗುವುದಿಲ್ಲ.

ಬುಕ್ಕಸಾಗರದ ಜಡೆಪ್ಪನ ಪಂಪ್ ಮೋಟರ್ ರಿಪೇರಿ ಇವತ್ತು ಮುಗಿಸಲೇಬೇಕು. ಭತ್ತಕ್ಕೆ ನೀರಿಲ್ಲ ಅಂತ ಎರಡು ಸಲ ಫೋನ್ ಮಾಡಿದ್ದಾನೆ.

ಫೆಬ್ರವರಿ 5, ಬುಧವಾರ. 8.40

ಇವತ್ತು ಏನೂ ಇಲ್ಲ. ಅಂದರೆ ಎಲ್ಲಾ ಇದೆ, ತೋಟಪ್ಪ ಸರ್ ಒಬ್ಬರಿಲ್ಲ.

ನನ್ನ ಸೆಟ್ಟಿನಲ್ಲಿ ಕೆಡುವಂಥದ್ದು ಏನಿದೆ? ಹೆಬ್ಬೆರಳಿನಷ್ಟು ಡಾಂಗಲ್ ಒಂದು, ಲ್ಯಾಪ್‌ಟಾಪಿಗೆ ಚುಚ್ಚುವುದು. ಮಿಕ್ಕ ರೇಡಿಯೋ ಕೆಲಸವೆಲ್ಲ ಸಾಫ್ಟ್‌ವೇರಿನದು. ಏರಿಯಲ್ ಅಂದರೆ ಮೆಟ್ಟಿಲ ಕೋಣೆಯಿಂದ ನೀರಿನ ಟ್ಯಾಂಕಿನ ತನಕ ಎಳೆದ ತಂತಿ. ಮೋಟರ್ ವೈಂಡಿಂಗ್ ಅಂಗಡಿ ನನ್ನದು, ತಾಮ್ರದ ತಂತಿಗೇನು ಬರ. ಸ್ಕ್ರೀನಿನಲ್ಲಿ ನೀಲಿ ಪರದೆ ಮೇಲಿನಿಂದ ಕೆಳಗೆ ಇಳಿಯುತ್ತಿರುತ್ತದೆ, ಯಾರಾದರೂ ಕುಟ್ಟಿದರೆ ಅದರಲ್ಲಿ ಹಳದಿ ಗೆರೆ ಮೂಡುತ್ತದೆ. ಇವತ್ತು ಎಂಟಕ್ಕೆ ಐದು ನಿಮಿಷ ಇರುವಾಗ ಪರದೆ ಪೂರಾ ಹಳದಿ. ಕಿವಿಯಲ್ಲಿ ಬರ್‌ರ್‌ರ್ ಅಂತ ಒಂದೇ ಸಮ. ಮುಕ್ಕಾಲು ಗಂಟೆ ಬಿಟ್ಟು ತಾನಾಗಿ ನಿಂತಿತು.

ಮಿಸ್ಡ್ ಕಾಲ್ ಕೊಡಲಿಲ್ಲ. ಕರಾರು ಅಂದರೆ ಕರಾರು.

ರಾತ್ರಿ. ಗಾಳೆಮ್ಮಕ್ಕನ ಫೋನ್. “ಇವತ್ತ ನಿನ್ನ ರಿಂಗ್ ಬರ್ಲಿಲ್ಲಂತ ಅವ್ರು ನಾಷ್ಟಾನೂ ಮಾಡ್ಲಿಲ್ಲಪ. ಪೆಟ್ಟಿಗಿ ಬಿಚ್ಚಿ ಕುಂತಾರ.” ಅವರ ಸೆಟ್ಟಿಗೆ ಏನೂ ಆಗಿಲ್ಲ ಅಕ್ಕಾರ, ತೊಂದ್ರಿ ನನ್ನ ಕಡೆ ಅಂದೆ. ನಂಬಿದಂತೆ ಕಾಣಲಿಲ್ಲ.

ಫೆಬ್ರವರಿ 6, ಗುರುವಾರ

ಅದೇ ಹಳದಿ. ಒಂದು ಚುಕ್ಕಿಯೂ ಕೇಳಿಸಲಿಲ್ಲ.

8.15ಕ್ಕೆ ಮಿಸ್ಡ್ ಕಾಲ್ ಕೊಟ್ಟೆ. ಕೊಟ್ಟುಬಿಟ್ಟೆ. ಮುದುಕ ನಾಷ್ಟಾ ಮಾಡಲಿ.

ಫೆಬ್ರವರಿ 8, ಶನಿವಾರ. 8.30

ಗೆದ್ದೆ. ನಿನ್ನೆ ಸಂಜೆ ಏರಿಯಲ್ ಬುಡದ ಪುಟ್ಟ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಹೊಸದಾಗಿ ಸುತ್ತಿದ್ದೆ. ಇವತ್ತು ಪರದೆ ತೊಳೆದಿಟ್ಟಷ್ಟು ನೀಲಿ. ತೋಟಪ್ಪ ಸರ್ ನಡುಮಧ್ಯೆ ಹಳದಿ ಗೆರೆಯಾಗಿ ಕೂತಿದ್ದರು. “ಏರಿಯಲ್ ಮ್ಯಾಲ ಮಂಗ ಕುಂತಿತ್ತು. ಓಡಸಾಕ ಗಾಳೆಮ್ಮ ಬಂದ್ಲು. ಮಂಗದ ಜೋಡಿ ನಾನೂ ಓಡಿದೆ.” ಟಿಟಿಟಿಟಿ ಟಿಟಿ.

ಕೈಗುಣ ಅಂದರೆ ಇದು. ಶೈಲಜಾಗೆ ಹೇಳಿದೆ. “ಮಸ್ತ್ ಆತು ಬಿಡ್ರಿ, ಇನ್ನ ಅಂಗಡಿ ಬಾಗಲಾ ತಗಿರಿ” ಅಂದಳು. ನನ್ನ ಹೆಂಡತಿಗೆ ಹೊಗಳುವುದು ಗೊತ್ತಿಲ್ಲ ಅಂತಲ್ಲ, ನನ್ನನ್ನು ಹೊಗಳುವುದು ಗೊತ್ತಿಲ್ಲ.

ಫೆಬ್ರವರಿ 9, ಭಾನುವಾರ

ಮತ್ತೆ ಬರ್‌ರ್‌ರ್. ನಿನ್ನೆಯ ಜಂಬ ನೀರುಪಾಲು. ಸುಳ್ಳು ಮಿಸ್ಡ್ ಕಾಲ್.

ಫೆಬ್ರವರಿ 13, ಗುರುವಾರ

ದಿನಾ ಅದೇ ಹೊತ್ತಿಗೆ. ಸದ್ದು ಹಿಗ್ಗಿಸುವ ಗೇನ್ ಇಳಿಸಿ ನೋಡಿದೆ, ಏರಿಸಿ ನೋಡಿದೆ. ಡಾಂಗಲ್ಲನ್ನು ಬಿಸ್ಕಿಟ್ ಡಬ್ಬಿಯೊಳಗೆ ಕೂಡಿಸಿದೆ. ಅದರ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಅಂಗಡಿಗೆ ಒಯ್ದೆ — ಅಲ್ಲಿ ಸಂತೆಯ ಗದ್ದಲ, ಇದಕ್ಕಿಂತ ಕೆಟ್ಟದು.

ಇವತ್ತು ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಇಟ್ಟು ಮನೆಯ ಮೇನ್ ಸ್ವಿಚ್ಚೇ ಆಫ್ ಮಾಡಿದೆ. ಕೆಳಗೆ ಮಿಕ್ಸರ್ ನಿಂತಿತು.

“ಏನ್ರೀ, ಕರೆಂಟ್ ಹೋತಾ?”

“ನಾನ ತಗದೀನಿ. ಎರಡ ನಿಮಿಷ.”

“ಚಟ್ನಿ ಅರ್ಧಕ್ಕ ನಿಂತೈತಿ. ಹಂಗ ತಿಂತೀರೇನು?”

ಹಾಗೇ ತಿಂದೆ. ಆದರೆ ಒಂದು ಗೊತ್ತಾಯಿತು. ಮೇನ್ ತೆಗೆದರೂ ಶಬ್ದ ಹೋಗಲಿಲ್ಲ. ಕಳ್ಳ ನಮ್ಮ ಮನೆಯವನಲ್ಲ.

ಇವತ್ತೂ ರಿಂಗ್ ಕೊಟ್ಟೆ. ಈಗ ಕೈ ತಾನೇ ಹೋಗುತ್ತದೆ. ಅದೇ ಬೇಜಾರು.

ಫೆಬ್ರವರಿ 17, ಸೋಮವಾರ. 8.50

ಮಾನ ಹೋಯಿತು.

8.15ಕ್ಕೆ ಎಂದಿನಂತೆ ಸುಳ್ಳು ರಿಂಗ್. ಐದು ನಿಮಿಷಕ್ಕೆ ಗಾಳೆಮ್ಮಕ್ಕನ ಫೋನ್. ಹಿಂದೆ ಬಸ್ಸಿನ ಸದ್ದು.

“ಹಂಪೇಶಪ್ಪ, ನಾವು ಬಳ್ಳಾರಿಗೆ ಚೆಕಪ್ಪಿಗೆ ಹೊಂಟೀವಿ. ಇವತ್ತ ಅವ್ರು ಪೆಟ್ಟಿಗಿ ಹಚ್ಚೇ ಇಲ್ಲ.”

ಲ್ಯಾಪ್‌ಟಾಪ್ ಮುಚ್ಚಿದೆ.

“ನಿನ್ನ ರಿಂಗ್ ಬಂತು. ಫೋನ್ ಅವ್ರ ಕೈಯಾಗ ಇತ್ತು.”

“ಏನಂದ್ರು ಅಕ್ಕಾರ?”

“ಏನಂತಾರಪ. ಕಿಡಕಿ ಕಡಿ ಮುಖಾ ಮಾಡಿ ಕುಂತಾರ.”

ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ದನಿ ಹೋದ ಮನುಷ್ಯನಿಗೆ ‘ಕೇಳಿಸಿತು’ ಅಂತ ಸುಳ್ಳು ಹೇಳಿದ್ದೇನೆ. ಒಂದು ದಿನ ಅಲ್ಲ. ಇನ್ನು ನಾನು ನಿಜವಾಗಿ ಕೇಳಿದ ದಿನವನ್ನೂ ಅವರು ನಂಬುವುದಿಲ್ಲ.

ಫೆಬ್ರವರಿ 24, ಸೋಮವಾರ. 8.20

ಇವತ್ತು ಪರದೆ ನೀಲಿ. ನಾನು ಏನೂ ಮುಟ್ಟಿಲ್ಲ, ಏನೂ ಮಾಡಿಲ್ಲ. ತಾನೇ ನೀಲಿ.

ಎಂಟಾಯಿತು. ಎಂಟೂ ಕಾಲಾಯಿತು. ತಮಿಳುನಾಡಿನ ಯಾರೋ ಮಾತಾಡುವುದೂ ಕೇಳಿಸಿತು. ತೋಟಪ್ಪ ಸರ್ ಇಲ್ಲ.

ಗಾಳೆಮ್ಮಕ್ಕನಿಗೆ ಫೋನ್ ಮಾಡಿದೆ. ಬಳ್ಳಾರಿಯಿಂದ ಬಂದ ಮೇಲೆ ಪೆಟ್ಟಿಗೆ ಹಚ್ಚಿಯೇ ಇಲ್ಲವಂತೆ. ‘ಯಾರಿಗೂ ಕೇಳಸಾದಿಲ್ಲ. ತಂತಿ ಇಳಿಸಿ ಗುಜರಿಗೆ ಹಾಕು’ ಅಂತ ಸ್ಲೇಟಿನ ಮೇಲೆ ಬರೆದು ತೋರಿಸಿದ್ದಾರಂತೆ. “ನಾನು ಇನ್ನಾ ಇಳಿಸಿಲ್ಲಪ” ಅಂದರು. ಆಯಮ್ಮನ ಕಾಲಿಗೆ ಬೀಳಬೇಕು.

ಫೆಬ್ರವರಿ 26, ಬುಧವಾರ. ಶಿವರಾತ್ರಿ

ನಮಗೆಲ್ಲ ಉಪವಾಸ. ಶಬ್ದಕ್ಕೆ ಮಾತ್ರ ಉಪವಾಸ ಇಲ್ಲ. ಎಂಟಕ್ಕೆ ಸರಿಯಾಗಿ ಬರ್‌ರ್‌ರ್.

ಶೈಲಜಾ ಮಾಳಿಗೆಗೆ ಬಂದು ಕೂತಳು. ಒಲೆ ಹಚ್ಚುವುದಿರಲಿಲ್ಲವಲ್ಲ, ಪುರುಸೊತ್ತು. ಗದ್ದಲ ಶುರುವಾದ ಮೇಲೆ ಯಾವ ದಿನ ಚೆನ್ನಾಗಿತ್ತು ಅಂತ ಕೇಳಿದಳು. ಎಂಟನೇ ತಾರೀಕು, ಇಪ್ಪತ್ತನಾಲ್ಕು, ಎರಡೇ ದಿನ ಅಂದೆ. ಅವಳು ಎದ್ದು ಕೆಳಗೆ ಹೋದಳು. ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿಕೊಂಡೇ ಬಂದಳು.

“ಎರಡೂ ದಿನ ಏಕಾದಶಿ ಅಲ್ಲೇನ್ರಿ.”

ನಾವು ಲಿಂಗಾಯತರು, ನಮಗೆ ಏಕಾದಶಿ ಲೆಕ್ಕಕ್ಕಿಲ್ಲ. ಪಕ್ಕದ ಮನೆಯವರಿಗೆ ಇದೆ. ಯಮುನಾಬಾಯಿಯವರು ಅವತ್ತು ನೀರನ್ನೂ ಮುಟ್ಟುವುದಿಲ್ಲ, ಆ ಮನೆಯಲ್ಲಿ ಒಲೆಯೇ ಹಚ್ಚುವುದಿಲ್ಲ. ಇಬ್ಬರೂ ಒಟ್ಟಿಗೆ ತಿರುಗಿ ಅವರ ಅಡುಗೆಮನೆಯ ಕಿಟಕಿ ನೋಡಿದೆವು. ನಮ್ಮ ಏರಿಯಲ್ ತಂತಿಯ ಕೆಳಗೇ ಇದೆ.

ಟ್ರಾನ್ಸ್‌ಫಾರ್ಮರಿನ ಕೈಗುಣ ಅಂದುಕೊಂಡಿದ್ದೆನಲ್ಲ. ಶೈಲಜಾ ಆ ಮಾತು ಎತ್ತಲಿಲ್ಲ, ಪುಣ್ಯಾತ್ಮೆ. ಸಂಜೆ ಎತ್ತಿದಳು.

ಫೆಬ್ರವರಿ 27, ಗುರುವಾರ

ಹೋದೆ. ಯಮುನಾಬಾಯಿ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದರು.

“ಬಾಪಾ, ಕುಂದ್ರು.”

“ಅಮ್ಮಾರ, ಈಗೀಗ ಕರೆಂಟಿನ ಒಲಿ ಏನರ ತಂದೀರೇನ್ರಿ?”

“ಹೂನಪ. ರಥಸಪ್ತಮಿ ದಿನ ಮಗ ಪ್ರಭಂಜನ ತಂದುಕೊಟ್ಟ. ನಾನು ಗ್ಯಾಸ್ ಆರಸಾದು ಮರಿತೀನಂತ. ನಿನಗ್ಯಾರು ಹೇಳಿದ್ರು?”

“ನನ್ನ ರೇಡಿಯೋ ಹೇಳ್ತು.”

ನನ್ನ ಮುಖವನ್ನೇ ನೋಡಿದರು. ಬಿಡಿಸಿ ಹೇಳಿದೆ. ಒಲೆ ಕೆಟ್ಟಿಲ್ಲ, ಅದರ ಒಳಗಿನ ಸರ್ಕ್ಯೂಟಿನ ಗದ್ದಲ ವೈರಿನ ಗುಂಟ ಬಂದು ನಮ್ಮ ತಂತಿಗೆ ಹತ್ತುತ್ತದೆ ಅಂದೆ. ನೀವು ಉಪವಾಸ ಇದ್ದ ದಿನ ಮಾತ್ರ ನನ್ನ ರೇಡಿಯೋಕ್ಕೆ ಊಟ ಅಂದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ತೋಟಪ್ಪ ಸರ್ ಸುದ್ದಿ ಹೇಳಿದಾಗ ನಗು ನಿಂತಿತು.

“ಈಗೇನು, ಒಲಿ ಬಿಡಬೇಕೇನು?”

“ಬ್ಯಾಡ್ರಿ. ಒಂದು ಬೋರ್ಡ್ ಮಾಡಿಕೊಡ್ತೀನಿ. ಒಲಿ ವೈರ್ ಅದಕ್ಕ ಹಚ್ಚಿದ್ರ ಸಾಕು.”

“ಮಡಿ ಅಡಗಿ ಒಲಿ ಅದು. ಬೋರ್ಡ್ ತೊಳಿಬಹುದಾ?”

“ಅಮ್ಮಾರ, ಕರೆಂಟಿನ ಬೋರ್ಡ್ ತೊಳಿಬ್ಯಾಡ್ರಿ. ಕೈ ಮುಗಿತೀನಿ.”

ಅವರೇ ದಾರಿ ಹೇಳಿದರು. ಬೋರ್ಡು ಅಡುಗೆಮನೆ ಬಾಗಿಲಿನ ಹೊರಗಿರಲಿ, ಅದರ ವೈರು ಮಾತ್ರ ಒಳಗೆ ಬರಲಿ. ನಾನು ಹೊಸ್ತಿಲು ದಾಟುವುದು ಬೇಡ, ಅವರು ಬೋರ್ಡು ಮುಟ್ಟುವುದು ಬೇಡ. ಈ ಡಿಸೈನು ನನಗೆ ಹೊಳೆದಿರಲಿಲ್ಲ.

ಮಾರ್ಚ್ 2, ಭಾನುವಾರ. ಸಂಜೆ

ಸಂಡೂರಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ, ಬಾಗಿಲಲ್ಲಿ ಅವರನ್ನು ನೋಡಿ ಎಲ್ಲಾ ಮರೆತೆ. ಸೊರಗಿ ಇಳಿದು ಹೋಗಿದ್ದಾರೆ. ಕೀ ಮೇಲೆ ಟವಲ್ ಹೊದಿಸಿದ್ದಾರೆ.

“ಸರ್, ಆರನೇ ತಾರೀಕಿನಿಂದ ಎಂಟನೇದೊಂದು ಬಿಟ್ರ ಉಳಿದಾವೆಲ್ಲ ಸುಳ್ಳು ರಿಂಗ್. ನೀವು ನಾಷ್ಟಾ ಬಿಟ್ರಂತ ಅಕ್ಕ ಹೇಳಿದ್ರು, ಅದಕ್ಕ ಕೊಟ್ಟೆ. ತಪ್ಪಾತು.”

ಒಲೆಯ ಕಥೆ ಹೇಳಿದೆ. ಏಕಾದಶಿಯ ಕಥೆಗೆ ಗಾಳೆಮ್ಮಕ್ಕ ನಕ್ಕರು, ಸರ್ ನಗಲಿಲ್ಲ. ಸ್ಲೇಟು ತೆಗೆದುಕೊಂಡರು. ‘ಬುಧವಾರ. ಎಂಟಕ್ಕೆ. ಒಂದೇ ಸಲ.’

ಬುಧವಾರ ಏಕಾದಶಿ ಅಲ್ಲ. ಹತ್ತನೇ ತಾರೀಕು ಸೋಮವಾರ ಏಕಾದಶಿ, ಅವತ್ತು ಇಟ್ಟುಕೊಳ್ಳೋಣ ಸರ್ ಅಂತ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮಾರ್ಚ್ 4, ಮಂಗಳವಾರ. 9.10

ಕಪ್ಪು ಫೆರೈಟ್ ಉಂಗುರಗಳು ನಿನ್ನೆ ಕೊರಿಯರ್‌ನಲ್ಲಿ ಬಂದವು. ಒಲೆಯ ವೈರನ್ನು ಅವುಗಳ ಮೇಲೆ ಬಿಗಿಯಾಗಿ ಸುತ್ತಿದರೆ ಗದ್ದಲ ಅಲ್ಲೇ ಉಳಿಯಬೇಕು. ಸುತ್ತುವುದು ನನ್ನ ಹೊಟ್ಟೆಪಾಡು, ಕೈ ತಡೆಯಲಿಲ್ಲ. ರಾತ್ರಿಯೇ ಬೋರ್ಡು ಕೂಡಿಸಿ ಬಂದೆ.

ಇವತ್ತು ಪರೀಕ್ಷೆ. ಮುಕ್ಕಾಲು ಪಾಲು ಹೋಗಿದೆ. ತೆಳ್ಳಗೆ ಹಳದಿ ಮಂಜು ಉಳಿದಿದೆ. ತೋಟಪ್ಪ ಸರ್ ಜೋರಾಗಿ ಬಂದರೆ ಸರಿ. ಅವರ ಪವರ್ ಕಮ್ಮಿ…

ಯಮುನಾಬಾಯಿ ಗೋಡೆ ಆಚೆಯಿಂದ ಕೇಳಿದರು. “ಹೆಂಗಾತಪ?”

“ಚಲೋ ಆತ್ರಿ. ಸ್ವಲ್ಪ ಉಳದೈತಿ.”

“ನಿಮ್ಮ ಗುರುಗಳು ಎಷ್ಟೊತ್ತು ಮಾತಾಡ್ತಾರ?”

“ಹತ್ತು ನಿಮಿಷರಿ.”

“ನಾಳಿಗೆ ಅವ್ರ ಮಾತು ಮುಗಿಯೋತನಕ ನಮ್ಮ ದೇವ್ರು ಕಾಯ್ತಾನ. ಆಮ್ಯಾಲ ಒಲಿ ಹಚ್ತೀನಿ.”

ಅಯ್ಯೋ ಬ್ಯಾಡ್ರಿ ಅಂತ ಅನ್ನಬೇಕಿತ್ತು. ಅನ್ನಲಿಲ್ಲ. ಮನಸ್ಸು ತುಂಬಿ ಬಂತು.

ಮಾರ್ಚ್ 5, ಬುಧವಾರ. 7.50

ಕೂತಿದ್ದೇನೆ. ಪರದೆ ನೀಲಿ. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿದೆ. ಫೋನ್ ಬಲಗಡೆ. ಸುಮ್ಮನಿರಲಾಗದೆ ಇದನ್ನು ಬರೆಯುತ್ತಿದ್ದೇನೆ.

8.00. ಇಲ್ಲ.

8.03. ಇಲ್ಲ. ಶೈಲಜಾ ಚಹಾ ಇಟ್ಟು ಇಳಿದು ಹೋದಳು.

8.05. ಗೆರೆ. ಅವರೇ. ಗೀಟನ್ನು ಒಂದು ಚೂರು ಎಳೆಯುತ್ತಾರೆ, ಸಾವಿರ ಜನದಲ್ಲೂ ಗುರುತು ಸಿಗುತ್ತದೆ. ಕೈ ನಿಧಾನ ಆಗಿದೆ, ಆದರೆ ತಪ್ಪುತ್ತಿಲ್ಲ. ಊರಿಗೆಲ್ಲ ಕೂಗು… ಮತ್ತೆ ಕೂಗು… ಈಗ ನನಗೆ.

“ಹಂಪೇಶ. ಖರೇನ ಕೇಳಸ್ತಿದ್ರ ಎರಡು ಸಲ ರಿಂಗ್ ಕೊಡು. ಸುಳ್ಳ ಇದ್ರ ಒಂದ ಸಲ.”

ಆಮೇಲೆ ನಿಂತಿತು. ಖಾಲಿ ನೀಲಿ.

ಒಂದು ಕೊಟ್ಟೆ. ಎರಡನೆಯದು ಗಡಿಬಿಡಿಯಲ್ಲಿ ಶೈಲಜಾಗೆ ಹೋಯಿತು. ಕೆಳಗಿನಿಂದ “ಏನ್ರೀ?” ಅಂತ ಕೂಗುತ್ತಿದ್ದಾಳೆ. ಸಂಡೂರಿನಲ್ಲಿ ಒಂದೇ ರಿಂಗ್ ಆಗಿದೆ, ಒಂದೇ ಅಂದರೆ ಸುಳ್ಳು — ಮತ್ತೆ ಒತ್ತಿದೆ. ಹೆಸರು ಓದಿ ನೋಡಿ ಒತ್ತಿದೆ. ಹೋಯಿತು. ಎರಡು.

ಏನೂ ಇಲ್ಲ.

ಇನ್ನೂ ಏನೂ ಇಲ್ಲ.

ನಾಲ್ಕು ಚುಕ್ಕಿ. ಎರಡು ಚುಕ್ಕಿ.

ಮತ್ತೆ ನಾಲ್ಕು. ಎರಡು. ಮತ್ತೆ. ಮನುಷ್ಯ ನಿಲ್ಲಿಸುತ್ತಿಲ್ಲ. ಪರದೆಯ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕಿ ಉದುರುತ್ತಲೇ ಇವೆ. ನನ್ನ ಕನ್ನಡಕ ಮಂಜಾಗಿದೆ, ಅಕ್ಷರ ಸೊಟ್ಟ.

ಪಕ್ಕದಿಂದ ಯಮುನಾಬಾಯಿ. “ಮುಗೀತೇನಪ? ಒಲಿ ಹಚ್ಲಾ?”

ಇಲ್ಲ ಅಮ್ಮಾರ, ಇನ್ನೆರಡು ನಿಮಿಷ. ಸರ್ ಇನ್ನಾ ನಗಾಕ ಹತ್ತ್ಯಾರ.