ದೋಣಿ ತಿರುಗಲೇ ಇಲ್ಲ

ಉಪ್ಪಳ, ೬ ಫೆಬ್ರವರಿ ೧೯೫೫, ಬೆಳಿಗ್ಗೆ

ಇವತ್ತೂ ಹಾಲು ಉಕ್ಕಿತು. ಅತ್ತೆ ನಕ್ಕರು. ಮದುವೆಯಾಗಿ ಐದು ವಾರ, ಇನ್ನೂ ನನ್ನ ಕಣ್ಣು ಜಗಲಿಯ ಮೇಲೆಯೇ— ನನ್ನವರು ಅಲ್ಲಿ ಕುಳಿತು ಬರೆಯುತ್ತಾರೆ. ಸೋ ಹ್ಯಾಂಡ್‌ಸಮ್! ವಾರವೆಲ್ಲ ಶಾಲೆ, ಭಾನುವಾರ ಮಂಗಳೂರಿನ ವಾರಪತ್ರಿಕೆಗೆ ಸಿನೆಮಾ ವಿಮರ್ಶೆ. ಕೊನೆಯಲ್ಲಿ ‘ಗೌ.ಶಂ.’ ಎಂದು ಎರಡಕ್ಷರ. ಜಂಬ ನನಗೆ.

ನಿನ್ನೆ ಟೆಂಟಿನಲ್ಲಿ ‘ಕೊಡೆ ಮತ್ತು ಕಡವು’. ಮಂಗಲ್ಪಾಡಿಯಲ್ಲಿ ಅಂಗಡಿ ಬೋರ್ಡು ಬರೆಯುವ ಗುಣಪಾಲ ಗೆಳೆಯರನ್ನು ಕಟ್ಟಿಕೊಂಡು ತಾನೇ ತೆಗೆದ ಚಿತ್ರ. ಹಾಡಿಲ್ಲ, ದೇವರಿಲ್ಲ. ಕೊಡೆ ರಿಪೇರಿಯವನೊಬ್ಬ, ಟೀಚರೊಬ್ಬಳು, ಕಡವಿನಲ್ಲಿ ಹೊಳೆ ದಾಟಲು ದಿನಾ ಒಂದೇ ದೋಣಿ. ಜಗಳವಾದ ಮೇಲೆ ಮಾತೆಲ್ಲ ದೋಣಿಯವನ ಮೂಲಕ. “ಅವರಿಗೆ ಹೇಳು, ನನಗೆ ಅವರ ನೆನಪೇ ಆಗುವುದಿಲ್ಲ ಎಂದು.” ಸಿಂಪ್ಲಿ ಮಾರ್ವೆಲಸ್... ಕೊನೆಗೆ ಅವಳಿಗೆ ವರ್ಗ. ದೋಣಿ ಚಿಕ್ಕದಾಗುತ್ತದೆ. ಅವನು ದಡದಲ್ಲಿ, ಅವಳು ನಿಲ್ಲುತ್ತಿದ್ದ ಜಾಗಕ್ಕೆ ಕೊಡೆ ಹಿಡಿದು ನಿಂತಿರುತ್ತಾನೆ. ಅಷ್ಟೇ. ನನ್ನ ಸೆರಗೆಲ್ಲ ಒದ್ದೆ. ಗೋಣಿಯ ಪರದೆಯ ಆಚೆ, ಗಂಡಸರ ಬದಿಯಲ್ಲಿ, ಅವರ ಕಣ್ಣೂ ತುಂಬಿರಬೇಕು ಎಂದುಕೊಂಡೆ.

ರಾತ್ರಿ ಮನೆಗೆ ಬಂದು ಊಟದ ಹೊತ್ತಿಗೆ ಅತ್ತೆಗೆ ಕಥೆ ಹೇಳಿದೆ.

“ಹುಡುಗಿ ಹೋಗಿಯೇ ಬಿಟ್ಟಳಾ?” ಅತ್ತೆಯ ಕೈಯಲ್ಲಿ ತುತ್ತು ಹಾಗೆಯೇ ನಿಂತಿತು. ಪಾಪ ಎನಿಸಿತು.

“ಇಲ್ಲ ಅತ್ತೆ, ನಡುಹೊಳೆಯಿಂದ ದೋಣಿ ತಿರುಗಿ ಬರುತ್ತದೆ,” ಎಂದೆ.

ಅತ್ತೆ ಉಂಡರು. ಪಕ್ಕದ ಎಲೆಯಲ್ಲಿ ನನ್ನವರು ತಲೆ ಎತ್ತಲಿಲ್ಲ. ಮಜ್ಜಿಗೆ ಕೇಳಿದರು.

೧೦ ಫೆಬ್ರವರಿ

ಬಸ್ಸಿನಲ್ಲಿ ಪತ್ರಿಕೆ ಬಂತು.

“ಹೊರಟ ದೋಣಿಯನ್ನು ನಡುಹೊಳೆಯಿಂದ ತಿರುಗಿಸುವ ಈ ಮುಕ್ತಾಯ ಅಡುಗೆಮನೆಯ ಹುಡುಗಿಯರಿಗೆ ಕಾಸಿದ ಪಾಯಸ. ಗುಣಪಾಲರು ಬೋರ್ಡು ಬರೆದುಕೊಂಡಿರುವುದೇ ಲೇಸು. – ಗೌ.ಶಂ.”

ಯಾವ ದೋಣಿ? ತಿರುಗಿದ ದೋಣಿ ನನ್ನದು!

ಕೇಳಿದೆ. ನಕ್ಕರು. “ಇಂಟರ್ವಲ್ಲಿಗೆ ಜನಾರ್ದನ ಸಿಕ್ಕಿದ. ಚಹಾಕ್ಕೆ ಹೋದೆವು. ಕಾಸರಗೋಡು ಯಾವ ರಾಜ್ಯಕ್ಕೆ ಹೋಗುತ್ತದೆಂದು ಚರ್ಚೆ ಬಂತು... ಮತ್ತೆ ಒಳಗೆ ಹೋಗಲಿಲ್ಲ. ನೀನು ಕಥೆ ಹೇಳಿದೆಯಲ್ಲ, ಇನ್ನೆಂತ?”

“ಅದು ಚಿತ್ರದಲ್ಲಿಲ್ಲ. ಅತ್ತೆಗೋಸ್ಕರ ನಾನು ಸೇರಿಸಿದ್ದು.”

ನಗು ನಿಂತಿತು. ಆಮೇಲೆ, “ಯಾರಿಗೂ ಹೇಳಬೇಡ ಮಾರಾಯ್ತಿ.”

ನೋಡದೆ ಬೈದದ್ದು. ಬೈದದ್ದೂ ನನ್ನನ್ನೇ. ಅಡುಗೆಮನೆಯ ಹುಡುಗಿ... ಛೀ.

೧೨ ಫೆಬ್ರವರಿ

ಮಾತಿಲ್ಲ.

“ಅಮ್ಮ, ಅವಳಿಗೆ ಹೇಳು, ಚಹಾ ಬೇಕೆಂದು.”

“ಅತ್ತೆ, ಅವರಿಗೆ ಹೇಳಿ, ಜನಾರ್ದನರಲ್ಲಿ ಸಿಗುತ್ತದೆ ಎಂದು.”

“ನಾನೆಂತ, ದೋಣಿಯವನಾ?” ಎಂದು ಅತ್ತೆ ಎದ್ದು ಹೋದರು.

೧೬ ಫೆಬ್ರವರಿ, ಸಂಜೆ

ಗುಣಪಾಲ ಬಂದಿದ್ದರು. ಉಗುರಿನಲ್ಲಿ ಹಸಿರು ಪೇಂಟು. ಕುಳಿತುಕೊಳ್ಳಲಿಲ್ಲ. ವಿಮರ್ಶೆ ಓದಿ ಮಂಗಳೂರಿನ ಥಿಯೇಟರಿನವರು ಚಿತ್ರ ಬೇಡ ಎಂದರಂತೆ. ಇನ್ನು ಬೇರೆ ಕಡೆ ಯಾರೂ ಹಾಕುವುದಿಲ್ಲವಂತೆ.

“ಮಾಸ್ಟ್ರೇ, ದೋಣಿ ತಿರುಗುವುದು ಯಾವ ರೀಲಿನಲ್ಲಿ ಉಂಟು? ತೆಗೆದವನು ನಾನು. ನನಗೂ ಒಮ್ಮೆ ತೋರಿಸಿ.”

“ಅದು... ವಿಮರ್ಶಕನ ಅಭಿಪ್ರಾಯ,” ಎಂದರು ಇವರು.

ಅಭಿಪ್ರಾಯ! ಗುಣಪಾಲ ಗೇಟು ದಾಟುವವರೆಗೆ ಕಾದೆ. ಮತ್ತೆ ನೇರ ಇವರಿಗೇ ಹೇಳಿದೆ: “ನೋಡದೆ ಬರೆದೆ ಎಂದು ನೀವು ಬರೆಯಬೇಕು. ಇಲ್ಲದಿದ್ದರೆ ನಾನು ಬರೆಯುತ್ತೇನೆ. ಹೆಸರು ಹಾಕಿ. ಎರಡಕ್ಷರ ಅಲ್ಲ, ಪೂರ್ತಿ.”

“ಶಾಲೆಯಲ್ಲಿ ಮುಖ ಹೇಗೆ ತೋರಿಸುವುದು?”

“ಗುಣಪಾಲರು ಇಲ್ಲಿಗೆ ಬಂದು ತೋರಿಸಿದರಲ್ಲ, ಹಾಗೆ.”

ಅಂಗಿ ಹಾಕಿಕೊಂಡು ಹೊರಟರು. ಎಲ್ಲಿಗೆಂದು ಹೇಳಲಿಲ್ಲ. ಟೆಂಟಿನಲ್ಲಿ ಇವತ್ತು ಆ ಚಿತ್ರದ ಕಡೆಯ ಆಟ.

೧೭ ಫೆಬ್ರವರಿ, ಬೆಳಿಗ್ಗೆ

ನಿನ್ನೆ ರಾತ್ರಿ ತಡವಾಗಿ ಬಂದ ಇವರು ಉಣ್ಣಲಿಲ್ಲ. ಇವತ್ತು ಕಾಫಿ ಕುಡಿಯುತ್ತಾ, “ಅಮ್ಮ, ಅವಳಿಗೆ ಹೇಳು, ದೋಣಿ ತಿರುಗುವುದಿಲ್ಲ.”

“ಅಂದರೆ ಹುಡುಗಿ ಹೋದಳಾ?” ಅತ್ತೆ ನನ್ನನ್ನು ನೋಡಿದ ರೀತಿ...

ಈಗ ಜಗಲಿಯಿಂದ ಮತ್ತೆ ಅತ್ತೆಯ ಮೂಲಕ. ಅವರ ಪೆನ್ನಿನಲ್ಲಿ ಶಾಯಿ ಇಲ್ಲವಂತೆ, ನನ್ನ ಕಾನ್ವೆಂಟಿನ ಪೆನ್ನು ಬೇಕಂತೆ. ಅತ್ತೆ ಬಾಗಿಲಲ್ಲಿ ಕೈಚಾಚಿ ನಿಂತಿದ್ದಾರೆ. ಕೊಡುವುದಿಲ್ಲ. ಎಂತ ಬರೆಯಲಿಕ್ಕೆ ಎಂದು ಅವರೇ ಒಳಗೆ ಬಂದು, ನನಗೆ, ನನ್ನ ಮುಖ ನೋಡಿ ಹೇಳಲಿ. ಹೇಳಿದರೆ ಮಾತ್ರ—

ಜಗಲಿಯಲ್ಲಿ ಕುರ್ಚಿ ಸರಿದ ಸದ್ದು.