ಬೀರುವಿಗೆ ಒರಗಿದ ಬಾಸ್

ಜನವರಿ 19, ಭಾನುವಾರ

ಅಕ್ಕಿ ತೊಳೆದಿಟ್ಟಾಯಿತು. ಮೂಲಂಗಿ ಬೇಯುತ್ತಿದೆ. ಟೊಕುಜಿ ರುಚಿ ನೋಡಿದ. ಬಿಳಿ ಹಲಗೆಯ ಮೇಲೆ ಬರೆದು ನನ್ನ ಮೂಗಿನ ಮುಂದೆ ಹಿಡಿದ — "ಉಪ್ಪು ಸಾಲದು." ಬಾಯಿಬಿಟ್ಟು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಹಲಗೆಯ ಜೊತೆ ಎಂಥ ಜಗಳ... ನಾನು ಕೂಗಾಡಿದರೆ ಅವನಿಗೆ ಕೇಳುವುದಿಲ್ಲ, ಅವನು ಒರೆಸಿಬಿಟ್ಟರೆ ಮುಗಿಯಿತು.

ಅವನ ಎಡಗಿವಿ ಯಾವತ್ತೋ ಹೋಗಿತ್ತು. ಬಲಗಿವಿ ನವೆಂಬರಿನಲ್ಲಿ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ. ಒಳಗೆ ಯಂತ್ರ ಕೂರಿಸಬಹುದು ಎಂದರು ಡಾಕ್ಟರು. ಬೇಡವೆಂದು ತಲೆಯಾಡಿಸಿದ. ಆಮೇಲೆ ರೈಲಿನಲ್ಲಿ ನನಗೆ ಏನೋ ಹೇಳಿದ, ಎಷ್ಟು ಜೋರಾಗಿ ಎಂದು ಅವನಿಗೇ ತಿಳಿಯಲಿಲ್ಲ. ಇಡೀ ಬೋಗಿ ತಿರುಗಿ ನೋಡಿತು. ಯಾರೋ ನಕ್ಕರು. ಅವತ್ತು ಮುಚ್ಚಿದ ಬಾಯಿ ಇನ್ನೂ ತೆರೆದಿಲ್ಲ. ಬೇಸಿಗೆ ಬಂದರೆ ಪಿತೃಗಳ ಹಬ್ಬದಲ್ಲಿ ಬೊನ್ ಕುಣಿತದ ಅಟ್ಟಣಿಗೆ ಹತ್ತಿ, ಕಥೆ ಕಟ್ಟಿ ಹಾಡಿ, ಕಾವಾಚಿ ಸೀಮೆಯನ್ನೆಲ್ಲ ಕುಣಿಸಿದ ಬಾಯಿ. ಹಾಡದಿದ್ದರೆ ಬೇಡ. ಮನೆಯಲ್ಲಿ ಹೆಂಡತಿಯ ಜೊತೆ ಒಂದು ಮಾತಾಡಿದರೆ ಸಾಕು.

ಇವತ್ತು ಹಮಾಜಿ ಬಂದು ಅವನನ್ನು ಹಳೇ ಮೇಳದ ಅಭ್ಯಾಸಕ್ಕೆ ಎಳೆದುಕೊಂಡು ಹೋದ. ಅಲ್ಲಿ ಡೋಲು ಹಮಾಜಿಯದು, ಸ್ಕೂಲಿನಿಂದ ಇವನ ಸ್ನೇಹಿತ. ನಾನೂ ಹೋದೆ. ಟೊಕುಜಿ ಅಕ್ಕಿ ಮೂಟೆಯ ಹಾಗೆ ಕೂತಿದ್ದ. ಅವರಿನ್ನೂ ನುಡಿಸುತ್ತಿರುವಾಗಲೇ ಹೊರಟು, ಶೂ ಹಾಕಿಕೊಳ್ಳಲು ತಗ್ಗು ದನಿಯ ಬಾಸ್ ಗಿಟಾರಿನ ದೊಡ್ಡ ಸ್ಪೀಕರಿಗೆ ಬೆನ್ನು ಕೊಟ್ಟ. ಒಂದು ಕಾಲಿಗೆ ಶೂ ಹಾಕಿದವನು ಹಾಗೆಯೇ ನಿಂತುಬಿಟ್ಟ. ಇನ್ನೊಂದು ಕಾಲಿನ ಬೆರಳು ತಾಳ ಹಾಕುತ್ತಿತ್ತು. ನೋಡಿದೆ. ಕಣ್ಣಾರೆ ನೋಡಿದೆ.

ಜನವರಿ 25, ಶನಿವಾರ

ಕೊಂಡೆ. ತಲೆ ಕೆಟ್ಟಿದೆ ನನಗೆ.

ಮೇಳದಲ್ಲಿ ಬಾಸ್ ನುಡಿಸುವವನಿಗೆ ಏಪ್ರಿಲ್‌ನಲ್ಲಿ ನಾಗೋಯಾಕ್ಕೆ ವರ್ಗವಂತೆ. ಹಮಾಜಿ ಹೇಳಿದ ಮೇಲೆ ಎರಡು ದಿನ ಫ್ಯಾಕ್ಟರಿಯಲ್ಲಿ ಹಲ್ಲುಜ್ಜುವ ಬ್ರಷ್ಷಿನ ಎಳೆ ಪರೀಕ್ಷೆ ಮಾಡುತ್ತ ಅದನ್ನೇ ಯೋಚಿಸಿದೆ. ಇವತ್ತು ಒಸಾಕಾ ಪೇಟೆಗೆ ಹೋದೆ. ಹಳೇ ವಾದ್ಯದ ಅಂಗಡಿ, ಮಾಲೀಕ ಕುವಾಬಾರಾ.

"ಯಾರಿಗಮ್ಮ? ಮೊಮ್ಮಗನಿಗಾ?"

"ನಂಗೆ."

ನಗಲಿಲ್ಲ ಪುಣ್ಯಾತ್ಮ. ಸ್ಟೂಲು ಹಾಕಿ ಕೂರಿಸಿದ. ಕಂದು ಬಣ್ಣದ್ದೊಂದನ್ನು ಸ್ಪೀಕರಿಗೆ ಜೋಡಿಸಿ ತೊಡೆಯ ಮೇಲಿಟ್ಟ. ಇಷ್ಟು ಭಾರ ಅಂದುಕೊಂಡಿರಲಿಲ್ಲ. "ಮೇಲಿಂದು, ದಪ್ಪ ತಂತಿ. ಸುಮ್ನೆ ಒಂದ್ಸಲ ಎಳೀರಿ" ಅಂದ. ಎಳೆದೆ.

ಹೇಗೆ ಬರೆಯಲಿ. ಕಿವಿಗಿಂತ ಮೊದಲು ಪಕ್ಕೆಲುಬಿಗೆ ಗೊತ್ತಾಯಿತು. ಸ್ಟೂಲಿಗೆ ಗೊತ್ತಾಯಿತು. ಗಾಜಿನ ಬೀರುವಿನೊಳಗೆ ಏನೋ ಗಿಣಿಗಿಣಿ ಅಂದಿತು. ಒಂದು ತಂತಿ, ಒಂದು ಬೆರಳು... ಐವತ್ತೆಂಟು ವರ್ಷ ಇಂಥದ್ದೊಂದು ಲೋಕದಲ್ಲಿದೆ ಎಂದು ತಿಳಿಯದೆ ಬದುಕಿದ್ದೇನೆ.

ಚೌಕಾಶಿ ಮಾಡಲು ನಾಲಗೆ ಬರಲಿಲ್ಲ. ಚೌಕಾಶಿಗೇ ಹೆಸರಾದ ಒಸಾಕಾದಲ್ಲಿ ಹುಟ್ಟಿ, ನಾನು! ಕೊನೆಗೆ ಕುವಾಬಾರಾನೇ ಬೇಸರಪಟ್ಟುಕೊಂಡು ಒಂದು ಜೊತೆ ತಂತಿ, ಒರೆಸುವ ಬಟ್ಟೆ ಪುಕ್ಕಟೆ ಕೊಟ್ಟ. "ಏನೂ ಕೇಳ್ದೆ ತಗೊಂಡು ಹೋಗ್ಬೇಡಿ ಅಮ್ಮ, ನಂಗೆ ಭಯ ಆಗುತ್ತೆ." ಸ್ಪೀಕರಿಗೆ ದುಡ್ಡು ಸಾಲದು ಎಂದೆ. "ಮನೇಲಿ ಮರದ ಬೀರು ಇದ್ಯಾ? ಬಾಸ್‌ನ ತಲೆ ಅದಕ್ಕೆ ಒತ್ತಿ ಹಿಡ್ಕೊಂಡು ನುಡಿಸಿ. ಬೀರುನೇ ಹಾಡುತ್ತೆ."

ಜನವರಿ 26

ಬೀರು ಹಾಡಿತು.

ಮದುವೆಯಲ್ಲಿ ಅಮ್ಮ ಕೊಟ್ಟ ಪಾಲೋನಿಯಾ ಮರದ ಬೀರು. ಇಷ್ಟು ವರ್ಷ ಕಿಮೊನೊ, ಡಾಂಬರು ಗುಳಿಗೆ ಬಿಟ್ಟರೆ ಹೊಟ್ಟೆಯೊಳಗೆ ಇನ್ನೇನೂ ಇರಲಿಲ್ಲ ಅದಕ್ಕೆ. ಟೊಕುಜಿ ಬಾಗಿಲಲ್ಲಿ ನಿಂತು ನೋಡಿದ. ಹಲಗೆಯಲ್ಲಿ ಬರೆದ — "ಹುಚ್ಚು." ಒರೆಸಿ ಹೋದ. ಹೋಗಲಿ.

ಫೆಬ್ರವರಿ 8

ಬೆರಳ ತುದಿಯಲ್ಲಿ ಗುಳ್ಳೆ. ಫ್ಯಾಕ್ಟರಿಯಲ್ಲಿ ಎಳೆ ಮುಟ್ಟಿದರೆ ಉರಿ. ಎಡಗೈ ಕಿರುಬೆರಳು ನನ್ನ ಮಾತೇ ಕೇಳುವುದಿಲ್ಲ, ಇದು ನನ್ನದೇ ಬೆರಳೋ ಅಲ್ಲವೋ.

ಇವತ್ತು ಒಂದು ಸಂಗತಿ. ಎಳೆ ನೆಡುವ ಯಂತ್ರದ ಪಕ್ಕ ನಿಂತಿದ್ದೆ. ಅದು ಗುಂಯ್ ಅನ್ನುತ್ತಲೇ ಇರುತ್ತದೆ, ಯಾರೂ ಲಕ್ಷ್ಯ ಕೊಡುವುದಿಲ್ಲ. ಅದು ಒಂದೇ ಸ್ವರ! ಮೂರನೇ ತಂತಿಯ ಸ್ವರಕ್ಕಿಂತ ಸ್ವಲ್ಪ ಮೇಲೆ. ಇಪ್ಪತ್ತು ವರ್ಷದಿಂದ ದಿನವಿಡೀ ನನಗೆ ಶ್ರುತಿ ಹಿಡಿದು ನಿಂತಿದೆ ಪಾಪ. ಊಟದ ಗಂಟೆಯಾದರೂ ಕದಲಲು ಮನಸ್ಸಾಗಲಿಲ್ಲ.

ಫೆಬ್ರವರಿ 23

ಕೆಳಮನೆಯ ನಿಶಿಗಾಕಿ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಸದ್ದು ಶುರುವಾಗುವ ಮೊದಲೇ ನೆರೆಮನೆಗೆ ಟವೆಲ್ ಪೊಟ್ಟಣ ಕೊಟ್ಟು ಕ್ಷಮೆ ಕೇಳುವುದು ವಾಡಿಕೆ, ಮರೆತಿದ್ದೆ. ಪೊಟ್ಟಣ ತಂದು ಬಗ್ಗಿ ನಮಸ್ಕಾರ ಮಾಡಿದೆ.

"ಮಿಸಾವೊ, ನೀನು ಅದೇನೋ ಮಾಡಿದಾಗ್ಲೆಲ್ಲ ನಮ್ಮನೇಲಿ ಪೂಜೆ ಗೂಡಲ್ಲಿರೋ ನಮ್ಮ ಯಜಮಾನ್ರ ಫೋಟೋ ಅಲ್ಲಾಡುತ್ತೆ."

"ತಪ್ಪಾಯ್ತು ಅಜ್ಜಿ. ನಿಲ್ಲಿಸ್ತೀನಿ."

"ನಿಲ್ಸು ಅಂದ್ನಾ ನಾನು? ಬದುಕಿದ್ದಾಗ ಒಂದು ದಿನ ಕುಣಿದವರಲ್ಲ. ಈಗಲಾದ್ರೂ ಕುಣೀಲಿ ಬಿಡು."

ಟವೆಲ್ ಮಾತ್ರ ತೆಗೆದುಕೊಂಡು ಹೋದರು.

ಮಾರ್ಚ್ 16

ಟೊಕುಜಿ ಬಂದು ಕೂತ. ಪೇಪರ್ ಹಿಡಿದುಕೊಂಡು ಬಂದು ಬೀರುವಿಗೆ ಬೆನ್ನು ಒರಗಿಸಿ ಕೂತ. ಈ ಮನೆಯಲ್ಲಿ ಒರಗಲು ಬೇರೆ ಗೋಡೆಯೇ ಇಲ್ಲವೆಂಬಂತೆ. ನಾನೂ ಅವನ ಕಡೆ ನೋಡಲಿಲ್ಲ. ನುಡಿಸುತ್ತ ಹೋದೆ. ಪೇಪರಿನ ಹಾಳೆ ತಿರುಗಲಿಲ್ಲ.

ಏಪ್ರಿಲ್ 12

ಹಳೇ ತಂತಿಗಳ ದನಿ ಸತ್ತುಹೋಗಿದೆ. ಈ ತಿಂಗಳಿಂದ ಮೇಳದ ಬಾಸ್ ನನ್ನದು, ಪುಕ್ಕಟೆ ಬಂದ ಜೊತೆಯನ್ನು ಆಗಸ್ಟಿನ ಕುಣಿತಕ್ಕೆ ಎತ್ತಿಟ್ಟಿದ್ದೇನೆ. ಕುವಾಬಾರಾಗೆ ಫೋನ್ ಮಾಡಿದರೆ "ಕುದಿಸಿ" ಅಂದ. ತಮಾಷೆ ಅಂದುಕೊಂಡೆ. ಬೆವರು, ಕೊಳೆ ಎಲ್ಲ ಬಿಡುತ್ತದಂತೆ. ಊದೊನ್ ಶಾವಿಗೆ ಬೇಯಿಸುವ ಪಾತ್ರೆಯಲ್ಲಿ ಸುರುಳಿ ಸುತ್ತಿ ಹಾಕಿ, ಅಷ್ಟರಲ್ಲಿ ಫ್ಯಾಕ್ಟರಿಯಲ್ಲಿ ತಳ್ಳಿಹಾಕಿದ ಬ್ರಷ್ಷಿನಿಂದ ಬಾಸ್‌ನ ಕತ್ತಿನ ಕಂಬಿಗಳ ಸಂದು ಉಜ್ಜುತ್ತ ಕೂತೆ. ಟೊಕುಜಿ ಬಟ್ಟಲು, ಚಾಪ್‌ಸ್ಟಿಕ್ ಹಿಡಿದು ಬಂದು ಮುಚ್ಚಳ ತೆಗೆದ. ಬಹಳ ಹೊತ್ತು ನೋಡಿದ. ಹಲಗೆ ತಂದ — "ಇನ್ನೂ ಬೆಂದಿಲ್ಲ."

ನಕ್ಕು ನಕ್ಕು ನೆಲದ ಮೇಲೆ ಕೂತೆ. ಅವನ ಭುಜವೂ ಕುಲುಕುತ್ತಿತ್ತು. ದನಿಯಿಲ್ಲದೆ ನಗುತ್ತಾನೆ, ಅದನ್ನೂ ಒಳಗೇ ಹಿಡಿದುಕೊಂಡುಬಿಟ್ಟಿದ್ದಾನೆ.

ಒರೆಸಿ ಮತ್ತೆ ಕಟ್ಟಿದೆ. ಹೊಸದರ ಹಾಗೆ ಹಾಡುತ್ತವೆ. ನೀರಿಗೆ, ಬೆಂಕಿಗೆ ಕೈಮುಗಿಯಬೇಕು ಅನ್ನಿಸಿತು.

ಜೂನ್ 17

ಮಳೆ ಹಿಡಿದು ವಾರವಾಯಿತು. ತಂತಿ ಎಲ್ಲಿ ಮುಟ್ಟಿದರೂ ಕರಕರ. ನನ್ನದೇ ತಪ್ಪೆಂದುಕೊಂಡೆ. ಹೊತ್ತುಕೊಂಡು ಹೋದೆ. ಕುವಾಬಾರಾ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿ, "ಕತ್ತು ತಿರುಚಿಕೊಂಡಿದೆ. ತೇವ ಕುಡಿದಿದೆ" ಅಂದ. ಕತ್ತಿನೊಳಗೆ ಒಂದು ಕಬ್ಬಿಣದ ಸರಳಿದೆ. ಅದನ್ನು ಚೂರೇ ಚೂರು ತಿರುಗಿಸಿ ಬಿಟ್ಟುಬಿಡಬೇಕು, ಮರ ಒಪ್ಪಿಕೊಳ್ಳುವವರೆಗೆ ಕಾಯಬೇಕು. ಅವಸರ ಮಾಡಿದರೆ ಸೀಳುತ್ತದೆ. ನನ್ನ ಕೈಯಲ್ಲೇ ಮಾಡಿಸಿದ.

ಮರ ಕಡಿದು ನಲವತ್ತು ವರ್ಷವಾಗಿರಬಹುದು. ಬಣ್ಣ ಬಳಿದು, ತಂತಿ ಬಿಗಿದು, ಕೈಯಿಂದ ಕೈಗೆ ಮಾರಿದ್ದಾರೆ. ಇನ್ನೂ ಅದಕ್ಕೆ ಮಳೆ ಬಂದದ್ದು ತಿಳಿಯುತ್ತದೆ... ವಾಪಸು ಬರುವಾಗ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತೆ, ನೆಲಕ್ಕಿಡಲು ಮನಸ್ಸು ಬರಲಿಲ್ಲ.

ಜುಲೈ 6, ಭಾನುವಾರ

ಹಾಡಿದ.

ನಾಳೆ ಬರೆಯುತ್ತೇನೆ.

ಜುಲೈ 7

ನಿನ್ನೆಯದು. ಮಧ್ಯಾಹ್ನ. ಬೀರುವಿಗೆ ಬೆನ್ನು ಕೊಟ್ಟು ಕೂತಿದ್ದ, ಕಣ್ಣು ಮುಚ್ಚಿತ್ತು. ನಾನು ಅವನ ಹಳೇ ಕಥೆಯ ನಡೆಯನ್ನೇ ನುಡಿಸುತ್ತಿದ್ದೆ. ಗಂಟಲು ಸರಿಪಡಿಸಿಕೊಂಡ ಸದ್ದು ಬಂತು. ಆಮೇಲೆ ದನಿ. ತುಕ್ಕು ಹಿಡಿದಿತ್ತು. ಆದರೆ ಅವನದೇ. ಬೆರಳು ನಿಲ್ಲಿಸಿದರೆ ದನಿಯೂ ನಿಂತುಬಿಟ್ಟೀತು ಎಂದು ಉಸಿರು ಹಿಡಿದು ನುಡಿಸಿದೆ. ತಾಳ ಕೂದಲೆಳೆಯಷ್ಟೂ ತಪ್ಪಲಿಲ್ಲ. ಬೆನ್ನಿನಿಂದ ಕೇಳಿಸಿಕೊಳ್ಳುತ್ತಾನೆ ಮನುಷ್ಯ.

ಶ್ರುತಿ ಮಾತ್ರ ಇಲ್ಲ. ಸರಿಯಾಗಿ ಶುರು ಮಾಡಿದ, ಹೋಗುತ್ತ ಹೋಗುತ್ತ ಇಳಿದ, ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿದ ಹಾಗೆ. ಅವನಿಗೆ ಗೊತ್ತಿಲ್ಲ. ಮುಗಿಸಿ ಹಲಗೆ ಹಿಡಿದ — "ಸರಿ ಇತ್ತಾ?" ಹೂಂ ಎಂದು ತಲೆಯಾಡಿಸಿದೆ. ಅವನ ಮುಖ ನೋಡಬೇಕಿತ್ತು. ಸತ್ಯ ಹೇಳಲು ಯಾರಿಗೆ ಬಾಯಿ ಬರುತ್ತದೆ.

ಮಾತು ಮಾತ್ರ ಇವತ್ತೂ ಹಲಗೆಯಲ್ಲೇ.

ಜುಲೈ 20

ಟೊಕುಜಿಯನ್ನು ಮೇಳದ ಅಭ್ಯಾಸಕ್ಕೆ ಕರೆದುಕೊಂಡು ಹೋದೆ. ಹಾಡಿದ. ಗಿಟಾರಿನ ಓಕುಡಾ ಎರಡು ಸಾಲಿಗೇ ಮುಖ ಹಿಂಡಿದ. ಹಮಾಜಿ ನನ್ನನ್ನು ಹೊರಗೆ, ತಂಪು ಪಾನೀಯದ ಯಂತ್ರದ ಹತ್ತಿರ ಕರೆದ.

"ಅತ್ತಿಗೆ, ಬೈಕೋಬೇಡಿ. ಅವನ ದನಿ ಕೇಳಿ ನಂಗೂ ಅಳು ಬಂತು. ಆದ್ರೆ ಅಟ್ಟಣಿಗೆ ಮೇಲೆ ಬೇಡ. ಜನ ನಗ್ತಾರೆ. ಇನ್ನೊಂದ್ಸಲ ನಕ್ರೆ ಅವನು ಮತ್ತೆ ಬಾಯಿ ಬಿಡಲ್ಲ."

"ಹಾಡೋರ ಶ್ರುತಿಗೆ ವಾದ್ಯ ಬರ್ಬೇಕು ಅಂತ ಇಷ್ಟು ವರ್ಷ ಹೇಳ್ತಿದ್ದೋರು ಯಾರು? ನೀವೇ ತಾನೆ?"

"ಒಂದು ಕಡೆ ನಿಂತ್ರೆ ಬರಬಹುದಪ್ಪ. ಇವನು ಜಾರ್ತಾನೇ ಇರ್ತಾನಲ್ಲ."

"ಹಾಗಾದ್ರೆ ನಾನೂ ಜಾರ್ತೀನಿ."

"ಗಿಟಾರ್ ಏನ್ ಮಾಡ್ಬೇಕು?"

"ಗಿಟಾರ್ ಮನೇಲಿ ನಿದ್ದೆ ಮಾಡ್ಲಿ."

ತಲೆ ಕೆರೆದುಕೊಂಡ. ನನಗೂ ಒಂದು ಡಬ್ಬಿ ಬಾರ್ಲಿ ಚಹಾ ಕೊಡಿಸಿದ.

ಆಗಸ್ಟ್ 3

ಹಾಡುವವನು ಸಾಲು ಮುಗಿಸಿದಾಗಲೆಲ್ಲ ಕುಣಿಯುವವರು ಒಟ್ಟಾಗಿ ಮರುದನಿ ಕೊಡುತ್ತಾರಲ್ಲ, ಆ ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ. ಬಲಗೈ ದಪ್ಪ ತಂತಿಯನ್ನು ಎಳೆಯುತ್ತಲೇ ಇರಬೇಕು, ಎಡಗೈ ಹೋಗಿ ಬಿರಡೆ ತಿರುಗಿಸಿ ಶ್ರುತಿ ಇಳಿಸಿ ಬರಬೇಕು. ಎಷ್ಟು ಇಳಿಸಬೇಕೆಂದು ಅವನ ಗಂಟಲೇ ಹೇಳಬೇಕು. ಮನೆಯಲ್ಲಿ ಅದನ್ನೇ ಮಾಡುತ್ತಿದ್ದೇನೆ. ಹತ್ತು ಸಲ ಮಾಡಿದರೆ ಒಂಬತ್ತು ಸಲ ಹೆಚ್ಚೋ ಕಮ್ಮಿಯೋ. ಆ ಒಂದು ಸಲ ಮಾತ್ರ... ಅವನ ದನಿ ಬಂದು ತಂತಿಯ ಮೇಲೆ ಕೂರುತ್ತದೆ. ಜಾರುತ್ತಿದ್ದುದು ಜಾರಿದ್ದೇ ಅಲ್ಲ ಎನ್ನುವ ಹಾಗೆ. ಮೈ ಜುಮ್ಮೆನ್ನುತ್ತದೆ.

ಆಗಸ್ಟ್ 23, ಸಂಜೆ 4

ಇವತ್ತು ಜಿಜೊ ದೇವರ ಹಬ್ಬ, ಪಾರ್ಕಿನಲ್ಲಿ ಅಟ್ಟಣಿಗೆ ಕಟ್ಟಿದ್ದಾರೆ. ಕೊನೆಗೆ ಹಮಾಜಿಯೇ ಬಂದು "ಒಂದೇ ಕಥೆ, ಚಿಕ್ಕದು" ಎಂದು ಹೇಳಿ ಹೋದ. ಹೊಸ ತಂತಿ ಕಟ್ಟಿದ್ದೇನೆ. ಟೊಕುಜಿ ಯುಕಾತ ನಿಲುವಂಗಿ ಹಾಕಿಕೊಂಡು ಕನ್ನಡಿ ಬಿಟ್ಟು ಕದಲುತ್ತಿಲ್ಲ. ನಕ್ಕರೆ? ನಕ್ಕರೆ ಏನು ಮಾಡಲಿ.

ಆಗಸ್ಟ್ 24, ಬೆಳಿಗ್ಗೆ

ಯಾರೂ ನಗಲಿಲ್ಲ.

ಹಮಾಜಿ ಬಾಸ್‌ನ ಸ್ಪೀಕರನ್ನು ಟೊಕುಜಿಯ ಬೆನ್ನಿಗೆ ತಾಗಿಸಿ ಇಟ್ಟಿದ್ದ. ಅದು ಕದಲದಂತೆ ಹಗ್ಗದಿಂದ ಕಟ್ಟಿಯೂ ಇದ್ದ, ನನ್ನನ್ನು ಕೇಳದೆ. ಓಕುಡಾ ಸ್ವಲ್ಪ ಹೊತ್ತು ನುಡಿಸಿ ಗಿಟಾರನ್ನು ಮಡಿಲಲ್ಲಿ ಮಲಗಿಸಿ, ಚಪ್ಪಾಳೆ ತಟ್ಟುತ್ತ ಕೂತ. ಆಮೇಲೆ ಡೋಲು, ಬಾಸ್, ಅವನ ದನಿ. ಮೂರೇ. ಅವನು ಇಳಿದ, ನಾನು ಇಳಿದೆ. ಎಲ್ಲಿಗೆ ಹೋಗುತ್ತಿದ್ದೇವೆಂದು ಇಬ್ಬರಿಗೂ ತಿಳಿಯದು. ತಂತಿ ಸಡಿಲವಾಗಿ ಬೆರಳ ಕೆಳಗೆ ತೂಗಾಡುತ್ತಿತ್ತು, ಸ್ವರವೋ ನಡುಕವೋ ಹೇಳಲಾಗದಷ್ಟು ಕೆಳಗೆ. ಅಟ್ಟಣಿಗೆಯ ಹಲಗೆಗಳೆಲ್ಲ ನಡುಗುತ್ತಿದ್ದವು. ಸುತ್ತ ಜನ ತಿರುಗುತ್ತಲೇ ಇದ್ದರು. ಕೈ ಎತ್ತಿ, ಹೆಜ್ಜೆ ಹಾಕಿ, ಮರುದನಿ ಕೊಟ್ಟು. ನಿಶಿಗಾಕಿ ಅಜ್ಜಿ ಮುಂದಿನ ಸಾಲಿನಲ್ಲಿದ್ದರು. ಆ ಅಷ್ಟೂ ಜನ ನನ್ನ ಬೆರಳ ಮೇಲೆ ನಿಂತಿದ್ದಾರೆ, ಅದು ಅವರಿಗೆ ಗೊತ್ತೂ ಇಲ್ಲ! ದೇವರೇ, ಎಂಥ ವಾದ್ಯ. ಮತ್ತೆ ಅವನ ಮುಖ... ಕಿವಿಯಿದ್ದಾಗಲೂ ಹೀಗೆ ಹಾಡಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನಾನು ಹೀಗೆ ಕೇಳಿರಲಿಲ್ಲ.

ಇಳಿದು ಬಂದವನು ಎಲ್ಲರಿಗೂ ಹಲಗೆಯಲ್ಲಿ ಧನ್ಯವಾದ ಬರೆದು ತೋರಿಸಿದ. ಮನೆಯವರೆಗೂ ನನ್ನ ಜೊತೆ ಒಂದು ಮಾತಿಲ್ಲ. ಬಾಸ್ ಹೊತ್ತು ಹಿಂದೆ ನಡೆದೆ. ಊರಿಗೆಲ್ಲ ಬಾಯಿ ತೆರೆದ, ನನಗೆ ಮಾತ್ರ ಬೆನ್ನು. ನೋವಾಯಿತು. ಬರೆದಿಡುತ್ತೇನೆ, ನೋವಾಯಿತು.

ಈಗ ಅಡುಗೆಮನೆಯಲ್ಲಿ ಏನೋ ತಡಕಾಡುತ್ತಿದ್ದಾನೆ. ನಾನು ಇಲ್ಲಿ ತಂತಿ ಒರೆಸಿ, ಮತ್ತೆ ಮೇಲಕ್ಕೆ ಬಿಗಿಯುವ ಮೊದಲು ಇದನ್ನಿಷ್ಟು ಬರೆದು—

"ಮಿಸಾವೊ!"

ಇಡೀ ಕಟ್ಟಡಕ್ಕೆ ಕೇಳಿಸಿತು. ಕೆಳಗೆ ಅಜ್ಜಿಯ ಕಿಟಕಿ ತೆರೆದ ಸದ್ದು.

"ಮಿಸಾವೊ! ನಿನ್ನೆ ಮರುದನಿ ಆದ್ಮೇಲೆ ಪ್ರತಿ ಸಲ ತಡವಾಗಿ ಬಂದೆ ಕಣೆ ನೀನು. ತಾಳ ಅಂದ್ರೆ ಏನು ಅಂತ ಗೊತ್ತಾ ನಿಂಗೆ?"

ತಡವಾ? ನಾನಾ? ಎಡಗೈ ಬಿರಡೆ ಮೇಲಿತ್ತು ಅಂತ ಇವನಿಗೆ... ಹೇಳುವ ಹಾಗಿಲ್ಲ. ಸಾಯುವವರೆಗೆ ಹೇಳುವ ಹಾಗಿಲ್ಲ. ಬೇರೆ ಏನಾದರೂ ಹಿಡಿದು ಜಗಳ ಆಡಬೇಕು. ಇರು, ಬಂದೆ. ಮೂಲಂಗಿಯ ಉಪ್ಪಿನ ವಿಷಯ ಇನ್ನೂ ನನ್ನ ಮನಸ್ಸಿನಲ್ಲಿದೆ, ಜನವರಿಯಿಂದ—